ಹಳೆಯ ಸ್ಪೋರ್ಟ್ಸ್ ಕಾರುಗಳೆಲ್ಲ ಎಲ್ಲಿ ಹೋದವು?

ಎರಡುಸೀಟು

ಗೆಳೆಯರೇ, ಕಳೆದ ವಾರ ಆರು ಗಂಟೆ ಹೆದ್ದಾರಿಯಲ್ಲಿದ್ದೆ. ದಾರಿಯುದ್ದಕ್ಕೂ ಹುಡುಕುತ್ತಲೇ ಬಂದೆ. ಇಪ್ಪತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರು ಒಂದೂ ಕಣ್ಣಿಗೆ ಬೀಳಲಿಲ್ಲ. ಅದೇ ವಯಸ್ಸಿನ ಮಾಮೂಲಿ ಸೆಡಾನ್‌ಗಳು, ವ್ಯಾನುಗಳು ಎಷ್ಟೋ ಸಿಕ್ಕವು.

ಚಿಕ್ಕವನಿದ್ದಾಗ ಕಿಟಕಿ ಪಕ್ಕ ಕೂತು, ಬಾನೆಟ್‌ನಿಂದ ಮೇಲೇಳುವ ಹೆಡ್‌ಲೈಟಿನ ಕಾರುಗಳನ್ನು ಎಣಿಸುತ್ತಿದ್ದೆ. ಹೆಸರಾಂತ ಕಂಪನಿಗಳಲ್ಲಿ ಅಂಥ ಹೆಡ್‌ಲೈಟ್ 2004ಕ್ಕೇ ನಿಂತುಹೋಯಿತು. ಲೋಟಸ್ ಎಸ್ಪ್ರಿ ಮತ್ತು ಐದನೇ ತಲೆಮಾರಿನ ಕಾರ್ವೆಟ್ ಕೊನೆಯವು. ಸರಿ, ಹೊಸದು ಬರುವುದಿಲ್ಲ. ಆದರೆ ಅದಕ್ಕೂ ಮುಂಚೆ ಲಕ್ಷಗಟ್ಟಲೆ ತಯಾರಾದವಲ್ಲ, ಅವೆಲ್ಲ ಎಲ್ಲಿ? "ಹಳೆಯದಾಯಿತು, ಕೆಟ್ಟುಹೋಯಿತು" ಅನ್ನುವ ಉತ್ತರ ನನಗೆ ಸಾಲುತ್ತಿಲ್ಲ. ಹಳೆಯ ವ್ಯಾನಿಗೂ ವಯಸ್ಸಾಗಿದೆ ಅಲ್ವಾ?

ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಸೋದರಮಾವನ ಹತ್ತಿರ 1990ರ ದಶಕದ ಎರಡು ಸೀಟಿನ ಓಪನ್ ಕಾರೊಂದಿದೆ. ಒಂಬತ್ತು ವರ್ಷದಿಂದ ಕವರ್ ಹೊದ್ದು ಶೆಡ್ಡಿನಲ್ಲಿ ನಿಂತಿದೆ. ಮಾವನಿಗೆ ಮಂಡಿನೋವು, ಅಷ್ಟು ತಗ್ಗಿನ ಸೀಟಿಗೆ ಇಳಿದು ಏಳಲು ಆಗುವುದಿಲ್ಲ. "ನೀನೇ ಇಟ್ಟುಕೋ, ಇಲ್ಲ ಅಂದರೆ ಗುಜರಿಗೆ ಕೊಟ್ಟುಬಿಡು" ಅಂದಿದ್ದಾರೆ. ಗುಜರಿ ಅನ್ನುವ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ.

ಗೇರುಬಾಕ್ಸ್

ಮೊದಲ ಕಾರಣ ಅಪಘಾತ. ಇದನ್ನು ಯಾರೂ ಹೇಳಲು ಇಷ್ಟಪಡುವುದಿಲ್ಲ. ಶಕ್ತಿ ಜಾಸ್ತಿ, ಹಿಂದಿನ ಚಕ್ರಕ್ಕೆ ಎಳೆತ, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ನೋಡುವ ಎಬಿಎಸ್ ಇಲ್ಲ, ಜಾರಿದಾಗ ತಡೆಯುವ ಎಲೆಕ್ಟ್ರಾನಿಕ್ಸ್ ಇಲ್ಲ. ಮೊದಲಿನ ಪೋರ್ಷೆ 911 ಟರ್ಬೊ ಉದಾಹರಣೆ ತೆಗೆದುಕೊಳ್ಳಿ. ಎಂಜಿನ್ ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕೊಡುವ ಟರ್ಬೊ ತಡವಾಗಿ, ಒಮ್ಮೆಲೇ ಒದೆಯುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮುಂದಕ್ಕೆ ಬರುತ್ತದೆ. ಹೊಸದಾಗಿ ಕೊಂಡವನು ಎಚ್ಚರದಿಂದ ಓಡಿಸಿರುತ್ತಾನೆ. ಮೂರನೇ, ನಾಲ್ಕನೇ ಕೈಗೆ ಬರುವ ಹೊತ್ತಿಗೆ ಕಾರು ಅಗ್ಗ, ಓಡಿಸುವವನು ಚಿಕ್ಕವನು, ಟೈರು ಸವೆದಿದೆ. ಒಂದು ಮಳೆಗಾಲ ಸಾಕು.

ತುಕ್ಕುಶತ್ರು

ಅಪಘಾತ ಇದೆ, ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಕಾರುಗಳನ್ನು ತಿಂದದ್ದು ತುಕ್ಕು. ಅದರಲ್ಲೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ.

1969ರಲ್ಲಿ ಬಂದ ಡಾಟ್ಸನ್ 240ಝಡ್ ಎಷ್ಟು ಚೆಂದದ ಕಾರು! ಎಂಜಿನ್ ಗಟ್ಟಿ, ನೋಟ ಇವತ್ತಿಗೂ ಹಳೆಯದಾಗಿಲ್ಲ. ತಗಡು ಮಾತ್ರ ತೆಳು, ತುಕ್ಕು ತಡೆಯುವ ಲೇಪ ಅತಿ ಕಡಿಮೆ. ಎಂಜಿನ್ ಇನ್ನೂ ಎರಡು ಪಟ್ಟು ಓಡುವ ಸ್ಥಿತಿಯಲ್ಲಿದ್ದಾಗಲೇ ನೆಲ ಕಳಚಿಕೊಳ್ಳುತ್ತಿತ್ತು. 1972ರಿಂದ 1989ರವರೆಗೆ ಬಂದ ಫಿಯಟ್ ಎಕ್ಸ್1/9 ಕಥೆಯೂ ಇದೇ.

ಇನ್ನು ಮೊದಲ ತಲೆಮಾರಿನ ಮಾಜ್ಡಾ ಎಂಎಕ್ಸ್-5. ಬಟ್ಟೆಯ ಹುಡ್ (ಮಡಚುವ ಛಾವಣಿ) ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಸಣ್ಣ ಕೊಳವೆಗಳಿಂದ ಕೆಳಗೆ ಹೋಗಬೇಕು. ಅಲ್ಲಿ ಎಲೆ, ಮಣ್ಣು ಸೇರಿ ಕಟ್ಟಿಕೊಳ್ಳುತ್ತದೆ. ಆಗ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಹೊಳೆಯುತ್ತಿರುತ್ತದೆ. ಒಳಗಿನಿಂದ ಕೊಳೆಯುತ್ತಿರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಂಡ ದಿನ ಕೆಲಸ ಕೈಮೀರಿರುತ್ತದೆ.

ಹೋಲಿಕೆಗೆ ಒಂದು ಮಾತು. ಪೋರ್ಷೆ 1976ರ ಮಾದರಿಯಿಂದ 911ರ ಬಾಡಿಗೆ ಸತು ಲೇಪಿಸಿದ ಉಕ್ಕು ಬಳಸತೊಡಗಿತು. ಅದಕ್ಕೂ ಹಿಂದಿನ ಕಾರುಗಳ ನೆಲ ನೋಡಿ, ನಂತರದವುಗಳ ನೆಲ ನೋಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಎರಡುಸೀಟು ಅವರೇ, ಮಾವನ ಕಾರಿನ ಸಿಲ್ ನೋಡುವವರೆಗೆ ಬೇರೆ ಯಾವುದಕ್ಕೂ ಕೈಹಾಕಬೇಡಿ.

ಮೂರನೇಗೇರ್

ಸರ್ಕಾರಗಳ ಪಾಲನ್ನು ಯಾಕೆ ಬಿಡುತ್ತೀರಿ? 2009ರಲ್ಲಿ ಹಳೆಯ ಕಾರು ಗುಜರಿಗೆ ಕೊಟ್ಟರೆ ಹೊಸದಕ್ಕೆ ಸಹಾಯಧನ ಅನ್ನುವ ಯೋಜನೆ ಎಷ್ಟು ದೇಶಗಳಲ್ಲಿ ಬಂತು! ಜರ್ಮನಿಯೊಂದರಲ್ಲೇ ಸುಮಾರು 20 ಲಕ್ಷ ಕಾರುಗಳು ಹೋದವು. ಅಮೆರಿಕದಲ್ಲಿ 6.7 ಲಕ್ಷಕ್ಕೂ ಹೆಚ್ಚು.

ಹಳೆವರ್ಕ್‌ಶಾಪ್

ಮೂರನೇಗೇರ್ ಸರ್, ಲೆಕ್ಕ ಸರಿ. ಆದರೆ ಅಮೆರಿಕದ ಯೋಜನೆಯಲ್ಲಿ ಹೋದವುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಕುಡಿಯುವ ಎಸ್‌ಯುವಿ, ಪಿಕಪ್‌ಗಳು. ಸ್ಪೋರ್ಟ್ಸ್ ಕಾರುಗಳ ಪಾಲು ದೊಡ್ಡದಲ್ಲ. ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಅಲ್ಲಿ ಎಂಜಿನ್ ಆಯಿಲ್ ತೆಗೆದು, ಅದರ ಬದಲು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಜಾಮ್ ಆಗುವವರೆಗೆ ಓಡಿಸಬೇಕು ಅನ್ನುವುದು ನಿಯಮವಾಗಿತ್ತು. ಅಂದರೆ ಆ ಎಂಜಿನ್ ಇನ್ನೊಂದು ಕಾರಿಗೂ ಸಿಗಬಾರದು. ಹಳೆಯ ಕಾರು ಬದುಕುವುದೇ ಇನ್ನೊಂದು ಹಳೆಯ ಕಾರಿನ ಬಿಡಿಭಾಗದಿಂದ. ಅಲ್ಲಿ ಆ ಕೊಂಡಿ ಕಡಿದರು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ. ಇಪ್ಪತ್ತಾರು ವರ್ಷ ವರ್ಕ್‌ಶಾಪ್ ನಡೆಸಿದ್ದೇನೆ. ಕಾರು ಮುದಿಯಾಗಿ ಸಾಯುವುದನ್ನು ನಾನು ನೋಡಿದ್ದು ಕಡಿಮೆ. ಹೆಚ್ಚಿನವು ನಡುವಯಸ್ಸಿನಲ್ಲೇ ಸಾಯುತ್ತವೆ. ನಾವು ಅದನ್ನು "ಅಗ್ಗದ ವರ್ಷಗಳು" ಅನ್ನುತ್ತಿದ್ದೆವು.

ಹೇಗೆ ಅಂದರೆ, ಹೊಸ ಕಾರಿಗೆ ಬೆಲೆ ಇರುತ್ತದೆ, ಒಡೆಯ ಹಣ ಹಾಕುತ್ತಾನೆ. ನಲವತ್ತು ವರ್ಷದ ಕಾರಿಗೂ ಬೆಲೆ ಬರುತ್ತದೆ, ಆಗಲೂ ಹಣ ಹಾಕುತ್ತಾನೆ. ಇವೆರಡರ ನಡುವೆ, ಸುಮಾರು ಹತ್ತರಿಂದ ಇಪ್ಪತ್ತೈದು ವರ್ಷದವರೆಗೆ, ಅದು ಬರೀ ಹಳೆಯ ಕಾರು. ಯಾರಿಗೂ ಬೇಡ. ಆ ಹೊತ್ತಿಗೇ ದೊಡ್ಡ ಕೆಲಸಗಳು ಬರುತ್ತವೆ. ಕ್ಲಚ್, ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್‌ಗಳ ತಾಳ ಹೊಂದಿಸುವ ಪಟ್ಟಿ), ಸಸ್ಪೆನ್ಷನ್ ಬುಶ್, ರೇಡಿಯೇಟರ್, ಹುಡ್ ಬಟ್ಟೆ, ಎಲ್ಲವೂ ಒಟ್ಟಿಗೆ.

ಮಾಮೂಲಿ ಸೆಡಾನ್‌ಗೂ ಇದು ಬರುತ್ತದೆ. ಆದರೆ ಸೆಡಾನ್ ಬೆಲೆ ಇಳಿದಂತೆ ಅದರ ರಿಪೇರಿ ಖರ್ಚೂ ಸಣ್ಣದೇ ಇರುತ್ತದೆ. ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ಜೋಡಿಸುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ ಹಾಗಿಲ್ಲ. ಕೊಳ್ಳುವ ಬೆಲೆ ಇಳಿಯುತ್ತದೆ, ರಿಪೇರಿ ಖರ್ಚು ಹೊಸದಿದ್ದಾಗಿನ ಮಟ್ಟದಲ್ಲೇ ನಿಂತಿರುತ್ತದೆ.

ಪೋರ್ಷೆ 944 ನೋಡಿ. 1982ರಿಂದ 1991ರವರೆಗೆ 1.6 ಲಕ್ಷಕ್ಕೂ ಹೆಚ್ಚು ಬಂದವು. ಸಣ್ಣ ಸಂಖ್ಯೆ ಅಲ್ಲ. ಅದರ ಎಂಜಿನ್ ಮುಂದೆ, ಗೇರುಬಾಕ್ಸ್ ಹಿಂದೆ, ನಡುವೆ ಉದ್ದ ಕೊಳವೆ. ತೂಕ ಎರಡೂ ಕಡೆ ಸಮ, ತಿರುವಿನಲ್ಲಿ ಅದ್ಭುತ. ಆದರೆ ಒಂದು ಕ್ಲಚ್ ಪ್ಲೇಟ್ ಬದಲಿಸಲು ಸೈಲೆನ್ಸರ್ ಬಿಚ್ಚಿ, ಗೇರುಬಾಕ್ಸ್ ಇಳಿಸಿ, ಆ ಕೊಳವೆಯನ್ನು ಹಿಂದಕ್ಕೆ ಸರಿಸಬೇಕು. ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವನು ಬೆಲ್ಟ್ ಬದಲಿಸುವುದನ್ನು ಮುಂದಕ್ಕೆ ಹಾಕುತ್ತಾನೆ. ಒಂದು ದಿನ ಅದು ಹರಿಯುತ್ತದೆ. ರಿಪೇರಿ ಲೆಕ್ಕ ಕಾರಿನ ಬೆಲೆಯನ್ನು ದಾಟುತ್ತದೆ. ಅವತ್ತಿಗೆ ಕಾರಿನ ಆಯುಷ್ಯ ಮುಗಿಯಿತು. ಬಾಡಿ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ಆದರೂ ಮುಗಿಯಿತು.

ಗೇರುಬಾಕ್ಸ್ ಅವರು ಹೇಳಿದ ಅಪಘಾತಕ್ಕೂ ಇದೇ ಲೆಕ್ಕ. ಬಾನೆಟ್, ಒಂದು ಲೈಟು, ಒಂದು ಫೆಂಡರ್ ಹೋದರೂ ಇನ್ಶೂರೆನ್ಸ್‌ನವರು "ಟೋಟಲ್ ಲಾಸ್" ಅನ್ನುತ್ತಾರೆ. ಕಾರು ಸರಿ ಮಾಡಲು ಆಗುವುದಿಲ್ಲ ಅಂತಲ್ಲ, ಅದರ ಬೆಲೆಗೆ ಅದು ದುಬಾರಿ ಅಂತ. ತುಕ್ಕಿಗೂ ಅದೇ. ವೆಲ್ಡಿಂಗ್ ಎಂದೂ ಅಸಾಧ್ಯ ಆಗಿರಲಿಲ್ಲ. ಆ ವರ್ಷಗಳಲ್ಲಿ ಯಾರೂ ದುಡ್ಡು ಕೊಡಲು ತಯಾರಿರಲಿಲ್ಲ, ಅಷ್ಟೇ.

ರೋಟರಿರಾಗ

ಹಳೆವರ್ಕ್‌ಶಾಪ್ ಸರ್ ಹೇಳಿದ ಮಾತು ಮಾಜ್ಡಾ ಆರ್‌ಎಕ್ಸ್-8ಗೆ ಅಕ್ಷರಶಃ ಹೊಂದುತ್ತದೆ. 2003ರಿಂದ 2012ರವರೆಗೆ ಬಂದ ಕಾರು. ಸುಮಾರು 1.9 ಲಕ್ಷ ತಯಾರಾದವು. ಇವತ್ತು ನೋಡಲು ಸಿಕ್ಕರೆ ನಿಂತು ನೋಡುತ್ತೇನೆ.

ರೋಟರಿ ಎಂಜಿನ್‌ನಲ್ಲಿ ಮೇಲೆ ಕೆಳಗೆ ಹೋಗುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಆ ಮೂಲೆಗಳಲ್ಲಿ ಸಣ್ಣ ಸೀಲ್‌ಗಳಿವೆ, ಅಪೆಕ್ಸ್ ಸೀಲ್ ಅನ್ನುತ್ತೇವೆ. ಎಂಜಿನ್ನಿನ ಉಸಿರೆಲ್ಲ ಅವುಗಳ ಮೇಲೆ ನಿಂತಿದೆ. ಅವಕ್ಕೆ ಜಿಡ್ಡು ಬೇಕು ಅಂತ ಎಂಜಿನ್ ತಾನಾಗಿಯೇ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತದೆ. ಅದು ದೋಷವಲ್ಲ, ಮಾಡಿದ್ದೇ ಹಾಗೆ. ಆದರೆ ಎರಡನೇ, ಮೂರನೇ ಒಡೆಯನಿಗೆ ಇದನ್ನು ಯಾರೂ ಹೇಳಲಿಲ್ಲ. ಅವನು ಸರ್ವಿಸ್‌ನಿಂದ ಸರ್ವಿಸ್‌ಗೆ ಮಾತ್ರ ಆಯಿಲ್ ನೋಡಿದ. ಸೀಲ್ ಸವೆಯಿತು, ಕಂಪ್ರೆಶನ್ (ಒಳಗಿನ ಒತ್ತಡ) ಇಳಿಯಿತು, ಬಿಸಿ ಇದ್ದಾಗ ಸ್ಟಾರ್ಟ್ ಆಗುವುದು ನಿಂತಿತು. ಎಂಜಿನ್ ಬಿಚ್ಚಿ ಕಟ್ಟುವ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ. ಮುಂದಿನದ್ದು ಎಲ್ಲರಿಗೂ ಗೊತ್ತು.

ನನಗೆ ಸಂಕಟ ಆಗುವುದು ಇಲ್ಲೇ. ಆ ಎಂಜಿನ್ 9000 ಆರ್‌ಪಿಎಂ ಹತ್ತಿರ ಹಾಡುವುದನ್ನು ಕೇಳಿದವರಿಗೆ ಗೊತ್ತು ಏನು ಕಳೆದುಕೊಂಡೆವು ಅಂತ. ಡಿಪ್‌ಸ್ಟಿಕ್ ಎಳೆದು ನೋಡುವ ಒಂದು ನಿಮಿಷದ ಅಭ್ಯಾಸ ಇದ್ದಿದ್ದರೆ ಎಷ್ಟೋ ಕಾರು ಉಳಿಯುತ್ತಿದ್ದವು.

ಗೇರುಬಾಕ್ಸ್

ಹಾಗಾದರೆ ಫೆರಾರಿ? ಅದರ ರಿಪೇರಿ ಖರ್ಚು ಇನ್ನೂ ಭಯಂಕರ. 1984ರ ಟೆಸ್ಟಾರೊಸ್ಸಾದಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ನನ್ನೇ ಇಳಿಸಬೇಕು. ಆದರೂ ಅವು ಗುಜರಿಗೆ ಹೋಗಿಲ್ಲ.

ಹಳೆವರ್ಕ್‌ಶಾಪ್

ಅದೇ ನೋಡಿ ವಿಷಯ. ಫೆರಾರಿ ಎಫ್40ಯಂಥ ಕಾರಿಗೆ ಅಗ್ಗದ ವರ್ಷಗಳೇ ಬರಲಿಲ್ಲ. ಹುಟ್ಟಿದ ದಿನದಿಂದ ಯಾರೋ ಕಾಪಾಡಿದರು. ಮೆಕ್ಲಾರೆನ್ ಎಫ್1 ಕಟ್ಟಿದ್ದೇ 106. ಅವು ಹುಟ್ಟುತ್ತಲೇ ಅಪರೂಪ. ನಾವು ಮಾತಾಡುತ್ತಿರುವುದು ಹುಟ್ಟಿದಾಗ ಸಾಕಷ್ಟಿದ್ದು ಆಮೇಲೆ ಅಪರೂಪವಾದ ಕಾರುಗಳ ಬಗ್ಗೆ. ಸಾಮಾನ್ಯ ಮನುಷ್ಯ ಆಸೆಪಟ್ಟು ಕೊಂಡ ಸ್ಪೋರ್ಟ್ಸ್ ಕಾರು. ನಷ್ಟ ಆದದ್ದು ಅವುಗಳಿಗೇ.

ಲೆಕ್ಕಪಕ್ಕಾ

ಒಂದು ಲೆಕ್ಕ ಹಾಕಿ ನೋಡಿದೆ, ಹಂಚಿಕೊಳ್ಳುತ್ತೇನೆ. ಇದು ಊಹೆಯ ಅಂಕಿ, ಯಾವ ಕಾರಿನದ್ದೂ ಅಲ್ಲ.

100 ಕಾರು ಮಾರಾಟವಾದವು ಅಂದುಕೊಳ್ಳಿ. ಪ್ರತಿ ವರ್ಷ ಉಳಿದವುಗಳಲ್ಲಿ ನೂರಕ್ಕೆ 5 ಹೋಗುತ್ತವೆ. ಅಪಘಾತ, ತುಕ್ಕು, ಎಂಜಿನ್, ಏನಾದರೂ ಇರಲಿ. 30 ವರ್ಷಕ್ಕೆ ಸುಮಾರು 21 ಉಳಿಯುತ್ತವೆ. ಐದರಲ್ಲಿ ಒಂದು. ಕಡಿಮೆ ಏನಲ್ಲ ಅಲ್ವಾ?

ಆದರೆ ಆ 21 ಎಷ್ಟು ಓಡುತ್ತವೆ? ಹೊಸದಿದ್ದಾಗ ವರ್ಷಕ್ಕೆ 15,000 ಕಿಲೋಮೀಟರ್ ಓಡುತ್ತಿದ್ದ ಕಾರು ಈಗ ಭಾನುವಾರ ಬೆಳಿಗ್ಗೆ ಮಾತ್ರ ಹೊರಬಂದು 1,500 ಓಡುತ್ತದೆ. ಅಂದರೆ ರಸ್ತೆಯಲ್ಲಿ ಅದನ್ನು ಕಾಣುವ ಅವಕಾಶ ಇನ್ನೂ ಹತ್ತು ಪಟ್ಟು ಕಡಿಮೆ. ಮೊದಲು ನೂರು ಸಲ ಕಂಡಿದ್ದು ಈಗ ಎರಡೇ ಸಲ ಕಾಣುತ್ತದೆ. ಸತ್ತಿರುವುದು ನೂರಕ್ಕೆ 79, ಕಣ್ಮರೆ ಆಗಿರುವುದು ನೂರಕ್ಕೆ 98.

ಆದ್ದರಿಂದ ಎರಡುಸೀಟು ಅವರ ಹೆದ್ದಾರಿಯ ಅನುಭವಕ್ಕೆ ಅರ್ಧ ಉತ್ತರ ಶೆಡ್ಡುಗಳಲ್ಲಿದೆ. ಅವರ ಮಾವನ ಶೆಡ್ಡೂ ಸೇರಿ.

ಎರಡುಸೀಟು

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ನಾನು ಹುಡುಕುತ್ತಿದ್ದ ಕಾರು ನಮ್ಮ ಮನೆಯವರ ಕವರ್ ಕೆಳಗೇ ಇದೆ. ಇದು ನನಗೆ ಹೊಳೆದಿರಲೇ ಇಲ್ಲ.

ಹಿಂಚಕ್ರ

ಇನ್ನೊಂದು ದಾರಿಯಲ್ಲೂ ಹೋಗಿವೆ, ಅದನ್ನು ಬಿಡಬೇಡಿ. ಪ್ರೀತಿಯಿಂದಲೇ ಹೋದವು.

ನಿಸ್ಸಾನ್ ಸಿಲ್ವಿಯಾ, ಅಮೆರಿಕದಲ್ಲಿ 240ಎಸ್‌ಎಕ್ಸ್ ಹೆಸರಿನಲ್ಲಿ ಮಾರಿದ್ದು. ಹಿಂಚಕ್ರದ ಎಳೆತ, ಹಗುರ ಮೈ, ಒಂದು ಕಾಲಕ್ಕೆ ಬಹಳ ಅಗ್ಗ. ತಿರುವಿನಲ್ಲಿ ಬೇಕೆಂದೇ ಕಾರನ್ನು ಅಡ್ಡ ಜಾರಿಸುವ ಡ್ರಿಫ್ಟಿಂಗ್ ಮಾಡುವವರಿಗೆ ಇನ್ನೇನು ಬೇಕು? ಗೋಡೆಗೆ ತಾಗಿ ತಾಗಿ ಮುಗಿದವು. ಎಂಎಕ್ಸ್-5 ರೇಸಿಗೆ ಹೋಯಿತು, ಒಳಗಿನದ್ದೆಲ್ಲ ಕಿತ್ತು ಕಬ್ಬಿಣದ ಪಂಜರ ಕೂರಿಸಿದರೆ ಮತ್ತೆ ರಸ್ತೆಗೆ ಬರುವುದಿಲ್ಲ. 1984ರಿಂದ 1988ರವರೆಗೆ ಬಂದ ಪಾಂಟಿಯಾಕ್ ಫಿಯೆರೊ ಇನ್ನೊಂದು ಥರ. ಎಂಜಿನ್ ನಡುವೆ, ಹೊರಗಿನ ಪ್ಲಾಸ್ಟಿಕ್ ಹಲಗೆಗಳನ್ನು ಬಿಚ್ಚಿದರೂ ಕೆಳಗಿನ ಚೌಕಟ್ಟು ಹಾಗೇ ನಿಲ್ಲುತ್ತದೆ. ಎಷ್ಟೋ ಫಿಯೆರೊಗಳ ಮೇಲೆ ಫೆರಾರಿಯ ಹಾಗೆ ಕಾಣುವ ಬಾಡಿ ಕೂರಿಸಿದರು. ಕಾರು ಓಡುತ್ತಿದೆ, ಫಿಯೆರೊ ಇಲ್ಲ.

ಕಳ್ಳತನವೂ ದೊಡ್ಡದು. ಹೋಂಡಾ ಇಂಟೆಗ್ರಾ ಟೈಪ್ ಆರ್ ಕದ್ದರೆ ಎಂಜಿನ್, ಗೇರುಬಾಕ್ಸ್, ಸೀಟು ಬೇರೆ ಬೇರೆ ಮಾಡಿ ಮಾರಬಹುದಿತ್ತು, ಮಾಮೂಲಿ ಹೋಂಡಾಗಳಿಗೆ ಅವು ಹೊಂದುತ್ತಿದ್ದವು. ಬ್ರಿಟನ್ನಿನಲ್ಲಿ ಫೋರ್ಡ್ ಸಿಯೆರಾ ಕಾಸ್‌ವರ್ತ್ ಎಷ್ಟು ಕಳವಾಗುತ್ತಿತ್ತು ಅಂದರೆ 1990ರ ದಶಕದಲ್ಲಿ ಅದರ ಇನ್ಶೂರೆನ್ಸ್ ಕಂತು ಕಟ್ಟಲಾಗದೆ ಮಾರಿದವರಿದ್ದಾರೆ.

ಇದರ ಜೊತೆಗೆ ದೇಶ ಬಿಟ್ಟು ಹೋದವು. ಜಪಾನಿನಲ್ಲಿ ಕಾರಿಗೆ ಮೊದಲ ಮೂರು ವರ್ಷದ ಮೇಲೆ ಎರಡು ವರ್ಷಕ್ಕೊಮ್ಮೆ "ಶಾಕೆನ್" ಅನ್ನುವ ಕಟ್ಟುನಿಟ್ಟಿನ ತಪಾಸಣೆ. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆಯೂ ಏರುತ್ತದೆ. ಆ ಕಡೆ ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮ ಇಲ್ಲದೆಯೂ ತರಿಸಿಕೊಳ್ಳಬಹುದು. 1989ರಲ್ಲಿ ಬಂದ ಸ್ಕೈಲೈನ್ ಜಿಟಿ-ಆರ್ ಆರ್32ಗೆ 2014ರಲ್ಲಿ 25 ತುಂಬಿತು. ಹುಟ್ಟಿದ ನೆಲದಿಂದ ಹಡಗು ಹತ್ತಿ ಹೊರಟವು. ಜಪಾನಿನ ರಸ್ತೆಯಲ್ಲಿ ಅಪರೂಪ ಆಯಿತು ಅಂದರೆ ಸತ್ತಿತು ಅಂತ ಅರ್ಥವಲ್ಲ.

ಸರ್ಕ್ಯೂಟ್

ನನ್ನ ಕ್ಷೇತ್ರದ ಒಂದು ಮಾತು. 1990ರ ಆಸುಪಾಸಿನ ಕಾರುಗಳ ಎಂಜಿನ್ ಕಂಪ್ಯೂಟರ್ ಒಳಗೆ ವಿದ್ಯುತ್ ಹಿಡಿದಿಡುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ವಯಸ್ಸಾದ ಮೇಲೆ ಅವು ಸೋರುತ್ತವೆ. ಆ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮಿತ್ಸುಬಿಷಿ 3000ಜಿಟಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಹೋಂಡಾ ಎನ್‌ಎಸ್‌ಎಕ್ಸ್‌ನ ಏಸಿ ನಿಯಂತ್ರಣದ ಪೆಟ್ಟಿಗೆಯಲ್ಲೂ ಇದೇ. ಕಾರು ಒಂದು ದಿನ ಉಸಿರುಕಟ್ಟಿದ ಹಾಗೆ ಓಡುತ್ತದೆ, ಮೆಕ್ಯಾನಿಕ್ ಪಂಪ್ ಬದಲಿಸುತ್ತಾನೆ, ಪ್ಲಗ್ ಬದಲಿಸುತ್ತಾನೆ, ಕೊನೆಗೆ "ಇದು ಆಗಲ್ಲ" ಅನ್ನುತ್ತಾನೆ. ಬೇಗ ನೋಡಿದರೆ ನಾಲ್ಕು ಕೆಪಾಸಿಟರ್ ಬೆಸೆದು ಸರಿಮಾಡಬಹುದಾದ ಕೆಲಸ. ಗೊತ್ತಿಲ್ಲದೇ ಎಷ್ಟು ಕಾರು ಮೂಲೆಗೆ ಬಿದ್ದವೋ.

ತಗ್ಗಿನಸೀಟು

ನಾನು ಕಾರು ಮಾರಿದವಳು. ಕಾರು ಕೆಟ್ಟು ಮಾರಲಿಲ್ಲ. ಮಗು ಬಂತು, ಮಗುವಿನ ಸೀಟು ಇಡಲು ಜಾಗ ಇರಲಿಲ್ಲ. ಎರಡೇ ಸೀಟಿನ ಕಾರಿನ ಆಯುಷ್ಯ ಓಡಿಸುವವರ ಬದುಕಿಗೆ ಅಂಟಿಕೊಂಡಿರುತ್ತದೆ. ಮದುವೆ, ಮಗು, ಬೆನ್ನುನೋವು, ಮಂಡಿನೋವು, ಪ್ರತಿ ತಿರುವಿನಲ್ಲೂ ಕಾರು ಕೈ ಬದಲಿಸುತ್ತದೆ. ಸೆಡಾನ್ ಒಂದೇ ಮನೆಯಲ್ಲಿ ಹದಿನೈದು ವರ್ಷ ಇರುತ್ತದೆ, ಅದರ ಗುಣ ಅವರಿಗೆ ಗೊತ್ತಿರುತ್ತದೆ. ಸ್ಪೋರ್ಟ್ಸ್ ಕಾರು ಅಷ್ಟರಲ್ಲಿ ಐದು ಮನೆ ನೋಡಿರುತ್ತದೆ. ಪ್ರತಿ ಸಲವೂ ಸರ್ವಿಸ್ ಪುಸ್ತಕ ಸ್ವಲ್ಪ ತೆಳುವಾಗುತ್ತದೆ.

ಇನ್ನೊಂದು, ಭಯ. ನನ್ನ ಕಾರಿನ ಎತ್ತರ 1.23 ಮೀಟರ್. ಪಕ್ಕದಲ್ಲಿ ಈಗಿನ ಎಸ್‌ಯುವಿ ಬಂದು ನಿಂತರೆ ನನ್ನ ತಲೆ ಅದರ ಬಾಗಿಲ ಹಿಡಿಕೆಯ ಮಟ್ಟಕ್ಕೆ ಬರುತ್ತಿತ್ತು. ಕನ್ನಡಿಯಲ್ಲಿ ಅವರಿಗೆ ನಾನು ಕಾಣುತ್ತೇನೋ ಇಲ್ಲವೋ ಅನ್ನುವ ಆತಂಕದಲ್ಲೇ ಓಡಿಸುತ್ತಿದ್ದೆ. ಕೊನೆಕೊನೆಗೆ ಸಂಜೆ ಟ್ರಾಫಿಕ್‌ಗೆ ಒಯ್ಯುವುದನ್ನೇ ಬಿಟ್ಟೆ. ಹಾಗೇ ಹೊರಗೆ ತೆಗೆಯುವುದು ಕಡಿಮೆಯಾಯಿತು.

ಆ ಕಾರು ಈಗ ಎಲ್ಲಿದೆಯೋ ಗೊತ್ತಿಲ್ಲ. ಯಾವುದಾದರೂ ಅದೇ ಬಣ್ಣದ್ದು ಕಂಡರೆ ನಂಬರ್ ಪ್ಲೇಟ್ ನೋಡುತ್ತೇನೆ.

ತುಕ್ಕುಶತ್ರು

ತಗ್ಗಿನಸೀಟು ಅಕ್ಕಾ, ನಿಮ್ಮ ಕೊನೆಯ ಸಾಲು ನನ್ನನ್ನು ತಟ್ಟಿತು.

ಶೆಡ್ಡಿನಲ್ಲಿಟ್ಟು ಕಾಪಾಡುವವರ ಮೇಲೆ ಸ್ವಲ್ಪ ಸಿಟ್ಟಿದೆ ನನಗೆ. ಕಾರು ರಸ್ತೆಯಲ್ಲಿ ಕಾಣದಿದ್ದರೆ ಮುಂದಿನ ಹುಡುಗರಿಗೆ ಅದರ ಮೇಲೆ ಆಸೆ ಹೇಗೆ ಹುಟ್ಟಬೇಕು? ಆಸೆ ಪಡುವವರಿಲ್ಲದಿದ್ದರೆ ಬಿಡಿಭಾಗ ಯಾರು ಮಾಡುತ್ತಾರೆ?

ಲೆಕ್ಕಪಕ್ಕಾ

ಆದರೆ ಓಡಿಸಿದಷ್ಟೂ ಸವೆಯುತ್ತದೆ, ಅಪಾಯವೂ ಇದೆ. ಇಟ್ಟವರು ಇಟ್ಟಿದ್ದರಿಂದ ತಾನೇ 21 ಉಳಿದದ್ದು?

ಹಳೆವರ್ಕ್‌ಶಾಪ್

ಇಬ್ಬರ ಮಾತೂ ಕೇಳಿದೆ. ನಾನು ತುಕ್ಕುಶತ್ರು ಕಡೆ. ನಿಂತ ಕಾರು ಉಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಪೆಟ್ರೋಲ್ ಹಳಸಿ ಅಂಟಾಗುತ್ತದೆ, ಇಂಜೆಕ್ಟರ್ ಕಟ್ಟುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಒಳಗೆ ತುಕ್ಕು ಹಿಡಿಸುತ್ತದೆ. ರಬ್ಬರ್ ಸೀಲ್ ಒಣಗಿ ಬಿರಿಯುತ್ತದೆ. ಟೈರು ಓಡದಿದ್ದರೂ ಮುದಿಯಾಗುತ್ತದೆ. ಇಲಿ ವೈರಿಂಗ್ ಕಡಿಯುತ್ತದೆ. ಹತ್ತು ವರ್ಷ ನಿಂತ ಕಾರನ್ನು ಎಬ್ಬಿಸುವುದಕ್ಕಿಂತ ಹತ್ತು ವರ್ಷ ಮೆಲ್ಲಗೆ ಓಡಿದ ಕಾರನ್ನು ನೋಡಿಕೊಳ್ಳುವುದು ಸುಲಭ. ವಾರಕ್ಕೊಮ್ಮೆ ಪೂರ್ತಿ ಬಿಸಿಯಾಗುವಷ್ಟು ಓಡಿಸಿದರೆ ಸಾಕು.

ಬಿಡಿಭಾಗದ ವಿಷಯ ಮುಖ್ಯ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು ನೋಡಿ, 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಬಂದವು. ತುಕ್ಕಿನಲ್ಲಿ ಅದೂ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಲ್ಲಿ ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಬಾಡಿ ಮಾಡಿ ಮಾರತೊಡಗಿತು. ಪೂರ್ತಿ ಕೊಳೆತ ಎಂಜಿಬಿಯ ಎಂಜಿನ್, ಗೇರುಬಾಕ್ಸ್ ತೆಗೆದು ಹೊಸ ಬಾಡಿಗೆ ಕೂರಿಸಿದವರಿದ್ದಾರೆ. ಅಷ್ಟು ಹಳೆಯ ಕಾರು ಇವತ್ತೂ ಕಾಣಸಿಗುವುದಕ್ಕೆ ಇದು ದೊಡ್ಡ ಕಾರಣ.

ಈಚೆಗೆ ಕಂಪನಿಗಳೂ ಕಣ್ಣು ತೆರೆದಿವೆ. 2017ರಲ್ಲಿ ಮಾಜ್ಡಾ ಮೊದಲ ಎಂಎಕ್ಸ್-5ನ್ನು ತಾನೇ ಸರಿಮಾಡಿಕೊಡುವುದಾಗಿ ಜಪಾನಿನಲ್ಲಿ ಹೇಳಿತು, ನಿಂತುಹೋದ ಭಾಗಗಳನ್ನೂ ಮತ್ತೆ ಮಾಡಿತು. ಅದೇ ವರ್ಷ ನಿಸ್ಸಾನ್ ಆರ್32ಗೆ ಹೆರಿಟೇಜ್ ಭಾಗ ಶುರು ಮಾಡಿತು. ಟೊಯೋಟಾ ಹಳೆಯ ಸುಪ್ರಾಗಳಿಗೆ ಮಾಡಿತು. ಬಹಳ ತಡವಾಯಿತು. ಅಗ್ಗದ ವರ್ಷಗಳಲ್ಲೇ ಇದು ಸಿಕ್ಕಿದ್ದರೆ ಅನ್ನಿಸುತ್ತದೆ. ಆದರೂ ಬಂತಲ್ಲ, ನನಗೆ ಸಂತೋಷ.

ಇನ್ನು ಟೈರು. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ 14, 15 ಇಂಚಿನ ಚಕ್ರ. ಆ ಅಳತೆಯಲ್ಲಿ ಈಗ ಒಳ್ಳೆಯ ಹಿಡಿತದ ಟೈರು ಸಿಗುವುದು ಕಡಿಮೆ. ಮಿಶೆಲಿನ್ ಟಿಆರ್‌ಎಕ್ಸ್ ಚಕ್ರದ ಕಾರುಗಳದ್ದು ಇನ್ನೂ ಕಷ್ಟ. ಅವುಗಳ ಅಳತೆ ಮಿಲಿಮೀಟರಿನಲ್ಲಿ, ಬೇರೆ ಟೈರು ಕೂರುವುದೇ ಇಲ್ಲ. ಟೈರು ಸಿಗದೆ ನಿಂತ ಕಾರೂ ಇವೆ ಅಂದರೆ ನಂಬಬೇಕು.

ಮೂರನೇಗೇರ್

ಒಂದು ಸೇರಿಸುತ್ತೇನೆ. ಕೆರೆಗೆ ಹೊಸ ನೀರು ಬರುವುದು ನಿಂತಿದೆ. ಟೊಯೋಟಾ ಎಂಆರ್2 2007ಕ್ಕೆ, ಹೋಂಡಾ ಎಸ್2000 2009ಕ್ಕೆ, ಆರ್‌ಎಕ್ಸ್-8 2012ಕ್ಕೆ ಮುಗಿಯಿತು. ಅವುಗಳ ಜಾಗಕ್ಕೆ ಅದೇ ಥರದ್ದು ಬರಲಿಲ್ಲ. ಎಂಎಕ್ಸ್-5 ಒಂದೇ 1989ರಿಂದ ನಿಲ್ಲದೆ ಬರುತ್ತಿದೆ. 2016ರಲ್ಲಿ 10 ಲಕ್ಷ ದಾಟಿತು. ಅದಕ್ಕೇ ಅದೊಂದು ಆಗಾಗ ಕಣ್ಣಿಗೆ ಬೀಳುತ್ತದೆ.

ಎರಡುಸೀಟು

ತೀರ್ಮಾನ ಮಾಡಿದೆ. ಗುಜರಿಗೆ ಕೊಡುವುದಿಲ್ಲ. ಹಳೆವರ್ಕ್‌ಶಾಪ್ ಸರ್, ಎಲ್ಲಿಂದ ಶುರು ಮಾಡಲಿ? ಬ್ಯಾಟರಿ ತಂದಿಟ್ಟಿದ್ದೇನೆ.

ಹಳೆವರ್ಕ್‌ಶಾಪ್

ಬ್ಯಾಟರಿ ಪಕ್ಕಕ್ಕಿಡಿ! ಈಗಲೇ ಸೆಲ್ಫ್ ಹೊಡೆದರೆ ಒಣ ಸಿಲಿಂಡರ್ ಗೀರಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಡಿ. ಒಂದು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಸುತ್ತುವ ದಿಕ್ಕಿನಲ್ಲೇ ಕೈಯಿಂದ ಮೆಲ್ಲಗೆ ತಿರುಗಿಸಿ. ತಡೆದರೆ ಬಲ ಹಾಕಬೇಡಿ. ಹಳೆಯ ಪೆಟ್ರೋಲ್ ಪೂರ್ತಿ ತೆಗೆಯಿರಿ. ಟೈಮಿಂಗ್ ಬೆಲ್ಟ್ ಇದ್ದರೆ ಹೊಸದು ಹಾಕದೆ ಸ್ಟಾರ್ಟ್ ಮಾಡಲೇಬೇಡಿ. ಇದೆಲ್ಲದಕ್ಕೂ ಮೊದಲು ಒಂದು ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಹಿಡಿದು ನೋಡಿ.

ಎರಡುಸೀಟು

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ.

ಎಂಜಿನ್ ಕೈಯಿಂದ ತಿರುಗಿತು. ಮೊದಲು ಬಿಗಿ, ಎರಡನೇ ಸುತ್ತಿಗೆ ಹಗುರ. ಆ ಕ್ಷಣ ಹೇಗಿತ್ತು ಅಂತ ಹೇಳಲಾರೆ. ಟ್ಯಾಂಕಿನಿಂದ ಬಂದ ಪೆಟ್ರೋಲ್ ಚಹಾದ ಬಣ್ಣ, ವಾರ್ನಿಶ್ ವಾಸನೆ. ಟೈರಿನ ಮೇಲೆ 2309 ಅಂತ ಇದೆ, ಅಂದರೆ 2009ರ 23ನೇ ವಾರ. ನಾಲ್ಕೂ ಬದಲಿಸಬೇಕು. ಹುಡ್‌ನ ಮಳೆನೀರು ಇಳಿಯುವ ಕೊಳವೆ ಎಡಗಡೆ ಚೆನ್ನಾಗಿದೆ. ಬಲಗಡೆ ಪೂರ್ತಿ ಕಟ್ಟಿತ್ತು, ತಂತಿ ಹಾಕಿ ಎಳೆದರೆ ಕಪ್ಪು ಮಣ್ಣು ಒಂದು ಹಿಡಿ ಬಂತು.

ಬಲಗಡೆ ಸಿಲ್‌ನಲ್ಲಿ ಒಂದು ಗೇಣು ಜಾಗದಲ್ಲಿ ಅಯಸ್ಕಾಂತ ನಿಲ್ಲುತ್ತಿಲ್ಲ. ಯಾರೋ ಹಿಂದೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ಮಾವನಿಗೂ ಗೊತ್ತಿರಲಿಲ್ಲ. ಕೆರೆದು, ಕತ್ತರಿಸಿ ನೋಡಲಾ? ಭಯ ಆಗುತ್ತಿದೆ.

ತುಕ್ಕುಶತ್ರು

ಕೆರೆಯಿರಿ. ಆದರೆ ಕತ್ತರಿಸುವ ಮೊದಲು ಒಂದು ಮಾತು. ಓಪನ್ ಕಾರಿಗೆ ಮೇಲೆ ಛಾವಣಿ ಇಲ್ಲ, ಮೈಯ ಬಲ ಬಹುಪಾಲು ಸಿಲ್‌ಗಳಲ್ಲೇ ಇದೆ. ಹಾಗೇ ಕತ್ತರಿಸಿದರೆ ನಡು ಕುಸಿಯುತ್ತದೆ, ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಮೊದಲು ಬಾಗಿಲ ಸಂದು ಮೇಲೆ, ಕೆಳಗೆ, ಎರಡೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಬಾಗಿಲು ತೆಗೆದು, ಆ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ಬೆಸೆಯಿಸಿ. ಆಮೇಲೆ ಕತ್ತರಿಸಿ. ಒಳಗಿನ ಸಿಲ್ ಗಟ್ಟಿ ಇದ್ದರೆ ಎರಡು ದಿನದ ಕೆಲಸ. ಅದೂ ಹೋಗಿದ್ದರೆ ಜಾಸ್ತಿ, ಆದರೆ ಆಗದ ಕೆಲಸವಲ್ಲ.

ಎರಡುಸೀಟು

ಅಳತೆ ತೆಗೆದೆ. ಬಲಗಡೆ ಬಾಗಿಲ ಸಂದು ಮೇಲೆ 5 ಮಿಲಿಮೀಟರ್, ಕೆಳಗೆ 4.5. ಎಡಗಡೆ ಎರಡೂ 5. ಮಾವ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಿದ್ದರು. ವೆಲ್ಡಿಂಗ್‌ನವರು ಶನಿವಾರ ಬರುತ್ತಾರೆ. ಪುಟ್ಟಿ ಮಾತ್ರ ನಾನೇ ಕೆರೆಯುತ್ತೇನೆ. ಒಳಗೆ ಏನಿದೆ ಅಂತ ಫೋಟೋ ಹಾಕುತ್ತೇನೆ.